ಹಳದಿ ಕಾಳು

ಗಾಯವನ್ನು ತೊಳೆದು ಚೊಕ್ಕಟ ಮಾಡಿಕೊಳ್ಳದೆ ಡಾಕ್ಟರ ಮುಂದೆ ಹೋಗಿ ಕೂರುವುದು ಅವನಿಂದ ಆಗದ ಮಾತು. ಆದ್ದರಿಂದ ದೊಡ್ಡಾಸ್ಪತ್ರೆಗೆ ಹೋಗಬೇಕಾಗಿದ್ದ ಆ ಬೆಳಿಗ್ಗೆಯೂ ಬಚ್ಚಲಿನ ಕನ್ನಡಿಯ ಮುಂದೆ ಕತ್ತು ಓರೆ ಮಾಡಿ ನಿಂತು, ಬಿಸಿನೀರಿನಲ್ಲಿ ಅದ್ದಿದ ಹಳೆಯ ಬನಿಯನ್ನಿನ ತುಂಡಿನಿಂದ ಎಡ ದವಡೆಯ ಮೂಲೆಯನ್ನು ಒತ್ತಿ ಒತ್ತಿ ಒರೆಸುತ್ತಿದ್ದ. ಅಲ್ಲಿ ಒಂದು ಗಂಟು. ಗಂಟು ಎಂದರೆ ಮೆತ್ತಗಿನದಲ್ಲ, ಮರದ ಗಣ್ಣಿನ ಹಾಗೆ ಗಟ್ಟಿ. ಒತ್ತಿದರೆ ನೋವೂ ಅಷ್ಟಾಗಿ ಇಲ್ಲ. ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಅದರಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು. ತೂತಿನಿಂದ ಕೀವು ಬರುತ್ತದೆ, ನಿಲ್ಲುತ್ತದೆ, ಮುಚ್ಚಿಕೊಳ್ಳುತ್ತದೆ. ಇನ್ನೇನು ಹೋಯಿತು ಅಂದುಕೊಳ್ಳುವಷ್ಟರಲ್ಲಿ ಒಂದು ಬೆರಳು ಆಚೆ ಇನ್ನೊಂದು ತೂತು. ಬಟ್ಟೆಯನ್ನು ತೆಗೆದು ಬೆಳಕಿಗೆ ಹಿಡಿದ. ಕೀವಿನ ನಡುವೆ ಹಳದಿ ಕಾಳುಗಳು, ರವೆಗಿಂತ ಸಣ್ಣವು, ಅಂಟಿಕೊಂಡಿದ್ದವು. ಸ್ಪಂಜಿನ ಪುಡಿ. ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ಹಳೆಯ ಸೋಫಾಗಳ ಹೊಟ್ಟೆ ಬಗೆದವನಿಗೆ ಸ್ಪಂಜಿನ ಪುಡಿ ಗೊತ್ತಾಗದೆ ಇರುತ್ತದೆಯೇ. ಹಳೆಯದಾದ ಸ್ಪಂಜು ಮುಟ್ಟಿದರೆ ಉದುರುತ್ತದೆ, ಕೂದಲು, ಹುಬ್ಬು, ಅಂಗಿಯ ಕಾಲರು, ಉಗುರಿನ ಸಂದು ಎಲ್ಲ ಕಡೆ ಹೋಗಿ ಕೂರುತ್ತದೆ. ತೂತಿನ ಬಾಯಲ್ಲಿ ಉಳಿದಿದ್ದ ಒಂದೆರಡನ್ನು ಚಿಮಟದಿಂದ ಎತ್ತಿ ನೀರಿಗೆ ಬಿಟ್ಟ. ಕೊಳಕ ಅನ್ನಿಸಿಕೊಂಡು ಡಾಕ್ಟರ ಮುಂದೆ ಕೂರಬಾರದು.

ಮುಖ ತೊಳೆಯದೆ ಯಾರ ಎದುರೂ ನಿಲ್ಲಬಾರದು ಎಂದು ಕಲಿಸಿದವಳು ತಾಯಿ. ಯಾರ ಮನೆಗೆ ಹೊರಟರೂ ಬಾಗಿಲಲ್ಲಿ ನಿಲ್ಲಿಸಿ, ಸೆರಗಿನ ತುದಿಯನ್ನು ಎಂಜಲು ಮಾಡಿ ಅವನ ಕೆನ್ನೆ, ಬಾಯಿಯ ಮೂಲೆ, ಕಿವಿಯ ಹಿಂಭಾಗ ಉಜ್ಜುತ್ತಿದ್ದಳು. ತಂಗಿಯ ಸರದಿ ಬಂದರೆ ಅವಳು ಕಿರುಚುತ್ತಿದ್ದಳು, ಅವನು ಮಾತ್ರ ಸುಮ್ಮನೆ ಕೊಡುತ್ತಿದ್ದ ಮುಖವನ್ನು. ಆ ಒರಟು ಸೆರಗು ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಇನ್ನೂ ಸ್ವಲ್ಪ ಉಜ್ಜಲಿ ಎಂದು. ಬೀದಿ ತುದಿಯ ಡಾಕ್ಟರು ಮೊದಲ ಸಲ ನೋಡಿದಾಗ, ಗಾಯ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಎಲ್ಲರೂ ಹೀಗೆ ಇಟ್ಟುಕೊಂಡರೆ ನಮ್ಮ ಕೆಲಸ ಅರ್ಧ ಆಯಿತು ಅಂದಿದ್ದರು. ಮೆಟ್ಟಿಲು ಇಳಿಯುವವರೆಗೂ ಆ ಮಾತು ಅವನ ಬೆನ್ನು ತಟ್ಟುತ್ತಲೇ ಇತ್ತು. ಅವರು ಕೊಟ್ಟ ಕ್ಯಾಪ್ಸೂಲು ನುಂಗಿದರೆ ವಾರದೊಳಗೆ ತೂತು ಮುಚ್ಚುತ್ತಿತ್ತು; ಮುಚ್ಚಿತಲ್ಲ ಎಂದು ಉಳಿದದ್ದನ್ನು ಡಬ್ಬಿಗೆ ಹಾಕುತ್ತಿದ್ದ; ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ರಾಗ. ಪ್ರತಿ ಸಲವೂ ಮೊದಲಿಗಿಂತ ಚೊಕ್ಕಟವಾಗಿ ಒರೆಸಿಕೊಂಡು ಹೋಗುತ್ತಿದ್ದ. ಮೊನ್ನೆ ಅವರು ಗಂಟಿನೊಳಕ್ಕೆ ಸೂಜಿ ಚುಚ್ಚಿ ತೆಗೆದದ್ದರಲ್ಲೂ ಏನೂ ಸಿಕ್ಕಲಿಲ್ಲ. ಆಮೇಲೆ ಅವರು ಹೊಗಳಲಿಲ್ಲ. ಚೀಟಿ ಬರೆಯುತ್ತಾ, ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ತೋರಿಸಿಬಿಡಿ ಅಂದರು, ತಲೆ ಎತ್ತದೆ. ತಲೆ ಎತ್ತದೆ ಇದ್ದದ್ದರಿಂದಲೇ ಅವನಿಗೆ ಗೊತ್ತಾಗಿಹೋಯಿತು. ಗಟ್ಟಿ ಗಂಟು ಅಂದರೆ ಕ್ಯಾನ್ಸರಲ್ಲದೆ ಇನ್ನೇನು ಇರುತ್ತದೆ.

ತಂಗಿಯ ಮನೆಯ ಮಹಡಿಯಲ್ಲಿದ್ದ ತನ್ನ ಕೋಣೆಯಿಂದ ಕೆಳಗೆ ಇಳಿದಾಗ ಅಡುಗೆಮನೆಯಲ್ಲಿ ಅವಳು ಚಹಾ ಸೋಸುತ್ತಿದ್ದಳು. ಅವನ ಗಾಜಿನ ಲೋಟ ಕಿಟಕಿಯ ಹಲಗೆಯ ಮೇಲೆ ಬೇರೆಯಾಗಿ ಇತ್ತು. ಅದನ್ನು ಬೇರೆ ಮಾಡಿದವನು ಅವನೇ. ದಿಂಬಿನ ಮೇಲೆ ಮೊದಲ ಸಲ ಕಲೆ ಕಂಡ ದಿನ, ಯಾರೂ ಹೇಳುವ ಮೊದಲೇ ಒಂದು ಲೋಟ ಎತ್ತಿಕೊಂಡು, ಇದು ನನಗೆ ಇರಲಿ ಅಂದಿದ್ದ. ಅಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಇದೆಲ್ಲ ಯಾಕಣ್ಣ ಎಂದು ಒಂದು ಮಾತು ಬರುತ್ತದೆ, ಬಂದಾಗ ಏನು ಹೇಳಬೇಕು ಎಂಬುದನ್ನೂ ಯೋಚಿಸಿ ಇಟ್ಟುಕೊಂಡಿದ್ದ. ತಂಗಿ ಲೋಟವನ್ನು ನೋಡಿದಳು, ಆಯ್ತು ಅಂದಳು. ಅಂದಿನಿಂದ ಅದು ಎಲ್ಲಕ್ಕಿಂತ ಕೊನೆಗೆ ತೊಳೆಸಿಕೊಂಡು ಕಿಟಕಿಯ ಹಲಗೆಗೆ ಹೋಗಿ ಕೂತಿತು. ಆಮೇಲೊಂದು ದಿನ, ಅಗಿಯಲು ಬಾಯಿ ಪೂರ್ತಿ ತೆರೆಯದೆ ತುತ್ತು ಅಂಗಿಯ ಮೇಲೆ ಬಿದ್ದಾಗ ತಂಗಿಯ ಗಂಡ ನೋಡದವನಂತೆ ಪತ್ರಿಕೆಯ ಪುಟ ತಿರುಗಿಸಿದ. ಇವತ್ತು ಮೇಲೇ ಊಟ ಮಾಡುತ್ತೇನೆ ಎಂದು ಅವನೇ ತನ್ನ ತಟ್ಟೆ ಹಿಡಿದು ಮಹಡಿಗೆ ಹೊರಟ. ಇವತ್ತು ಎಂದೇ ಹೇಳಿದ್ದು. ಮಾರನೆಯ ದಿನ ಕೆಳಗೆ ಬಂದರೆ ಮಹಡಿಯ ಕೊನೆಯ ಮೆಟ್ಟಿಲ ಮೇಲೆ ಅವನ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಇಟ್ಟಿತ್ತು. ಬಿಸಿ ಆರದಿರಲಿ ಎಂದು ಮುಚ್ಚಿದ್ದಾಳೆ, ಅಷ್ಟು ಅಕ್ಕರೆ ಇದೆಯಲ್ಲ, ಎಂದು ಮನಸ್ಸಿಗೆ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಕೋಣೆಗೆ ಹೋಗಿ ಮುಚ್ಚಿದ್ದ ತಟ್ಟೆ ತೆಗೆದರೆ ಅನ್ನ ಆಗಲೇ ಆರಿತ್ತು.

ತಂಗಿಯ ಗಂಡ ಷೂ ಕಟ್ಟಿಕೊಳ್ಳುತ್ತಾ, ಬೇಕಿದ್ದರೆ ತಾನೂ ಬರುವುದಾಗಿ ಹೇಳಿದ. ಬೇಡ ಎಂಬ ಉತ್ತರಕ್ಕೆ ಮೊದಲೇ ಜಾಗ ಬಿಟ್ಟು ಆಡಿದ ಮಾತು ಅದು. ಬೇಡ ಎಂದ. ತಂಗಿ ಕೊರಳಿಗೆ ಸುತ್ತಿಕೊಳ್ಳಲು ಒಂದು ಹತ್ತಿಯ ಶಾಲು ತಂದು ಕುರ್ಚಿಯ ಬೆನ್ನಿಗೆ ಹಾಕಿ, ಗಾಳಿ ಇದೆ ಹೊರಗೆ ಎಂದಳು. ಕೈಗೆ ಕೊಡಲಿಲ್ಲ, ಕುರ್ಚಿಗೆ ಹಾಕಿದಳು. ಇಂಥವನ್ನೆಲ್ಲ ಎಣಿಸುವುದು ಬಿಡಬೇಕು ಎಂದು ಅವನು ಎಷ್ಟೋ ಸಲ ತೀರ್ಮಾನ ಮಾಡಿದ್ದುಂಟು. ಮಾಡಿದ ತೀರ್ಮಾನ ಹೊಸ್ತಿಲು ದಾಟುವವರೆಗೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಎಡ ಕೆನ್ನೆಯನ್ನು ಗಾಜಿನ ಕಡೆ ತಿರುಗಿಸಿಕೊಂಡ. ನಿಂತವರು ಬಹಳ ಜನ ಇದ್ದರು. ಪಕ್ಕದ ಸೀಟು ಖಾಲಿ. ಒಬ್ಬಳು ಕೂರಲು ಬಂದವಳು ಶಾಲಿನ ಕಡೆ ನೋಡಿ, ಮುಂದಿನ ನಿಲ್ದಾಣದಲ್ಲಿ ಇಳಿಯುವವಳಂತೆ ಕಂಬಿ ಹಿಡಿದು ನಿಂತಳು, ಇಳಿಯಲಿಲ್ಲ. ಸೀಟಿನ ಹೊಲಿಗೆ ಬಿಚ್ಚಿತ್ತು. ದಾರ ಸರಿಯಿಲ್ಲ, ಈ ರೆಕ್ಸಿನ್ನಿಗೆ ಈ ದಾರ ಹಾಕಬಾರದಿತ್ತು ಎಂದು ಅವನ ಹೆಬ್ಬೆರಳು ತಾನಾಗಿ ಅಂಚನ್ನು ಸವರಿತು. ಸೋಫಾ ಕಾರ್ಖಾನೆಯಲ್ಲಿ ಅವನಿಗೆ ಮೊಳೆಬಾಯಿ ಎಂದು ಹೆಸರು. ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿಯಬೇಕು, ಹಾಗಾದರೆ ಮೊಳೆ ಎಲ್ಲಿ ಇಟ್ಟುಕೊಳ್ಳುವುದು, ಬಾಯಲ್ಲಿ. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡರೆ ನಾಲಿಗೆ ಒಂದೊಂದನ್ನೇ ತಿರುಗಿಸಿ ತಲೆ ಮುಂದೆ ಮಾಡಿ ತುಟಿಗೆ ತರುತ್ತದೆ, ಅಯಸ್ಕಾಂತದ ಸುತ್ತಿಗೆ ಅದನ್ನು ಮುತ್ತಿಟ್ಟ ಹಾಗೆ ಎತ್ತಿಕೊಂಡು ಮರಕ್ಕೆ ಹೊಡೆಯುತ್ತದೆ. ಹಾಗಾಗಿ ಅವನು ದಿನವೆಲ್ಲ ಮಾತಿಲ್ಲದವನು. ಸಂಜೆ ಬಾಯಿ ಖಾಲಿಯಾದ ಮೇಲೂ ಮಾತು ಅಭ್ಯಾಸ ತಪ್ಪಿಹೋಗಿರುತ್ತಿತ್ತು. ಅವನ ಪಕ್ಕದಲ್ಲಿ ಚೌಕಟ್ಟು ಕೂಡಿಸುವ ಬಡಗಿ ಮಾತ್ರ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದ. "ಈ ಮೊಳೆಬಾಯಿ ಮದುವೆ ಆಗಲಿಲ್ಲ ಯಾಕೆ ಹೇಳಿ? ಜಗಳ ಆಡೋಕೆ ಬಾಯಿ ಖಾಲಿ ಇರಬೇಕಲ್ಲ" ಅಂದಿದ್ದ ಒಂದು ದಿನ, ಎಲ್ಲರ ಮುಂದೆ. ನಗು ಬರಬಾರದ ಮಾತಿಗೆ ನಗು ಬಂದುಬಿಟ್ಟಿತು. ಬಾಯಿ ತುಂಬ ಮೊಳೆ ಇಟ್ಟುಕೊಂಡು ನಗಬಾರದು, ಕಲಿಯುವಾಗ ಮೊದಲು ಹೇಳಿಕೊಡುವುದೇ ಅದು. ಒಂದು ಮೊಳೆ ಅಡ್ಡ ಬಂದು ದವಡೆ ಹಲ್ಲು ಕಟಕ್ಕೆಂದು ಸೀಳಿತು. ಎಲ್ಲರೂ ನಗುತ್ತಿದ್ದುದರಿಂದ ಅವನೂ ನಗುತ್ತಲೇ ಇದ್ದ, ಕಣ್ಣಲ್ಲಿ ನೀರು ಬಂದದ್ದನ್ನು ನಗುವಿನ ಲೆಕ್ಕಕ್ಕೆ ಹಾಕಿದರು. ಒಡೆದ ಹಲ್ಲನ್ನು ಕೀಳಿಸಲಿಲ್ಲ. ನೋವು ತಾನಾಗಿ ನಿಂತಿತು, ನಿಂತ ಮೇಲೆ ಹಲ್ಲಿನ ಗೊಡವೆ ಯಾರಿಗೆ ಬೇಕು. ಗಂಟು ಕಾಣಿಸಿಕೊಂಡದ್ದು ಅದಾದ ಎಷ್ಟೋ ತಿಂಗಳ ಮೇಲೆ. ಎರಡಕ್ಕೂ ಸಂಬಂಧ ಇದ್ದೀತು ಎಂದು ಅವನಿಗೆ ಹೊಳೆದಿರಲಿಲ್ಲ. ನಕ್ಕದ್ದಕ್ಕೂ ಗಂಟಿಗೂ ಯಾರು ಗಂಟು ಹಾಕುತ್ತಾರೆ.

ಕಾರ್ಖಾನೆಯಿಂದ ಅವನನ್ನು ಯಾರೂ ಓಡಿಸಲಿಲ್ಲ. ಓಡಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಸೋಫಾ ಒಪ್ಪಿಸಿಕೊಳ್ಳಲು ಬಂದ ಒಬ್ಬಾಕೆ, ಇದನ್ನು ಯಾರು ಮಾಡಿದ್ದು ಎಂದು ಕೇಳಿದಳು. ಕೆಲಸ ಮೆಚ್ಚಿ ಕೇಳಿದಳೆಂದು ಅವನು ಒಂದು ಹೆಜ್ಜೆ ಮುಂದೆ ಬಂದ. ಆಕೆ ಅವನ ದವಡೆ ನೋಡಿ, ಸೋಫಾ ನೋಡಿ, ಬೇರೆ ಬಟ್ಟೆ ಹಾಕಿಕೊಡುತ್ತೀರಾ ಎಂದು ಯಜಮಾನನನ್ನು ಕೇಳಿದಳು. ಹೊಲಿಗೆಯಲ್ಲಿ ತಪ್ಪಿಲ್ಲ, ಬಣ್ಣ ಸರಿಹೋಗಲಿಲ್ಲ ಅಂದಳು. ಬಣ್ಣ ಆಕೆಯೇ ಆರಿಸಿದ್ದು. ಸ್ವಲ್ಪ ದಿನ ಮನೆಯಲ್ಲಿ ಇದ್ದು ವಾಸಿ ಮಾಡಿಕೊಂಡು ಬಾ ಎಂದ ಯಜಮಾನ, ಹೆಗಲ ಮೇಲೆ ಕೈ ಇಡಲು ಬಂದು, ಕೈಯನ್ನು ಗಾಳಿಯಲ್ಲೇ ಆಡಿಸಿ ಜೇಬಿಗೆ ಹಾಕಿಕೊಂಡ. ಆ ಕೈ ಎಲ್ಲಿಯವರೆಗೆ ಬಂದು ತಿರುಗಿತು ಎಂಬುದು ಅವನಿಗೆ ಈಗಲೂ ಕಾಣುತ್ತದೆ. ಅದಾಗಿ ಒಂದು ತಿಂಗಳ ಮೇಲಾಯಿತು. ಸಾಯುವುದಾದರೆ ಸಾಯುವುದು, ಅದಕ್ಕೆ ಒಂದು ಲೆಕ್ಕಾಚಾರ ಹಾಕಿಕೊಳ್ಳಬಹುದು. ಸಾಯುವವರೆಗೆ ಹೀಗೆ ಮೆಟ್ಟಿಲ ಮೇಲಿನ ತಟ್ಟೆ, ಪಕ್ಕದ ಖಾಲಿ ಸೀಟು ನೋಡಿಕೊಂಡು ಇರುವುದು ಹೇಗೆ ಎಂಬುದೇ ಅವನಿಗೆ ತೋಚುತ್ತಿರಲಿಲ್ಲ. ವಾಸಿಯಾಗಲಿ ಎಂದು ಅವನು ಬೇಡಿಕೊಳ್ಳುತ್ತಲೇ ಇರಲಿಲ್ಲ. ಯಾರಾದರೂ ಪಕ್ಕದಲ್ಲಿ ಬಂದು ಕೂರುವಂಥದ್ದಾಗಿರಲಿ ಈ ರೋಗ, ಅಷ್ಟೇ.

ದೊಡ್ಡಾಸ್ಪತ್ರೆಯಲ್ಲಿ ಕಾಯುವ ಬೆಂಚುಗಳು ಮರದವು, ಸ್ಪಂಜಿಲ್ಲದವು. ಅವನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಶಾಲಿನೊಳಗೆ ಬೆವರು, ಬೆವರಿನೊಳಗೆ ಇನ್ನೊಂದು ಬಗೆಯ ಒದ್ದೆ ಹರಿದದ್ದು ಅವನಿಗೆ ಗೊತ್ತಾಯಿತು. ಎದ್ದು ಎಲ್ಲಾದರೂ ನೀರು ಸಿಕ್ಕೀತೇ ಎಂದು ನೋಡಿದ, ಅಷ್ಟರಲ್ಲಿ ಕರೆದರು. ಒಳಗೆ ಕೂತಿದ್ದ ಡಾಕ್ಟರಮ್ಮ ವಯಸ್ಸಿನಲ್ಲಿ ತಂಗಿಗಿಂತ ಚಿಕ್ಕವಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಹಿಂದಿನ ಚೀಟಿಗಳನ್ನು ನೋಡಿ, ಎದ್ದು ಬಂದು, ಅವನ ಹಿಂದೆ ನಿಂತು, ಎರಡೂ ಕೈಯ ಬೆರಳುಗಳನ್ನು ಎರಡೂ ದವಡೆಯ ಕೆಳಗೆ ಇಟ್ಟು ಮೆಲ್ಲಗೆ ಒತ್ತುತ್ತಾ ಹೋದಳು. ಗಲ್ಲದಿಂದ ಕಿವಿಯ ಕಡೆಗೆ, ಕಿವಿಯಿಂದ ಕೊರಳಿಗೆ. ಯಾರೂ ಮುಟ್ಟದೆ ಎಷ್ಟು ಕಾಲವಾಗಿತ್ತು ಎಂಬುದು ಮುಟ್ಟಿದಾಗ ತಿಳಿಯಿತು. ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ನೋವಾಗುತ್ತಾ ಎಂದು ಕೇಳಿದಳು. ಇಲ್ಲ ಎಂದು ತಲೆ ಆಡಿಸಲೂ ಇಲ್ಲ, ಆಡಿಸಿದರೆ ಬೆರಳು ತೆಗೆದಾಳು ಎಂದು.

ಬಾಯಿ ತೆರೆಸಿದಳು. ತೆರೆದದ್ದು ಎರಡು ಬೆರಳಿನಷ್ಟು. ಆ ಒಡೆದ ಹಲ್ಲಿನ ಹತ್ತಿರ ದೀಪ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಗಾಯದ ಮೇಲಿದ್ದ ಬಟ್ಟೆ ತೆಗೆಯಬೇಕಿತ್ತು. ಅದನ್ನು ಅವನು ತಾನೇ ಗಬಕ್ಕನೆ ತೆಗೆದು, ಮುದುರಿ, ಕಾಲ ಬಳಿಯ ಬುಟ್ಟಿಗೆ ಹಾಕಲು ಹೋದ.

"ಎಸೀಬೇಡಿ, ಕೊಡಿ ಇಲ್ಲಿ."

"ಗಲೀಜಾಗಿದೆ ಡಾಕ್ಟ್ರೇ. ಬೆಳಿಗ್ಗೆ ತೊಳ್ಕೊಂಡೇ ಬಂದಿದ್ದೆ."

"ಕೊಡಿ ಪರವಾಗಿಲ್ಲ."

ಬಟ್ಟೆಯನ್ನು ಬಿಡಿಸಿ ದೀಪದ ಕೆಳಗೆ ಹರವಿದಳು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲಿತ್ತು, ಕೀವಿನ ನಡುವೆ, ಆ ಹಳದಿ ಪುಡಿ. ಕೈ ಮುಂದೆ ಮಾಡಿ ಉಗುರಿನಿಂದ ಅದನ್ನು ಕೆರೆದು ತೆಗೆಯಲು ಹೋದ. "ಅದು ಕೊಳೆ ಅಲ್ಲ, ಸ್ಪಂಜು. ನಂದು ಸೋಫಾ ಕೆಲಸ. ಅದು ಎಷ್ಟು ಸ್ನಾನ ಮಾಡಿದ್ರೂ ಹೋಗಲ್ಲ, ಬೇಜಾರು ಮಾಡ್ಕೋಬೇಡಿ." ಆಕೆ ಅವನ ಮಣಿಕಟ್ಟು ಹಿಡಿದಳು. ಹಿಡಿದುಕೊಂಡೇ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಬಟ್ಟೆಯ ಮೇಲೆ ಬಾಗಿದಳು.

"ಕೆಲಸಕ್ಕೆ ಯಾವಾಗ ಹೋಗಿದ್ರಿ ಕೊನೆಗೆ?"

ಒಂದು ತಿಂಗಳ ಮೇಲಾಯಿತು ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

"ಮತ್ತೆ ಈ ಸ್ಪಂಜು ಎಲ್ಲಿಂದ ಬಂತು?"

ಅವನು ಉತ್ತರ ಹುಡುಕಿದ. ಅಂಗಿಯಿಂದ ಇರಬಹುದು, ದಿಂಬಿನಿಂದ, ಶಾಲಿನಿಂದ. ಶಾಲು ತಂಗಿಯದು, ಹೊಸದು. ಬಚ್ಚಲಿನಲ್ಲಿ ದಿನವೂ ಚಿಮಟ ಹಿಡಿದು ಎತ್ತಿದ್ದೆಲ್ಲ ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂತು. ಕೆಲಸ ಬಿಟ್ಟ ಮೇಲೂ ಬರುತ್ತಲೇ ಇತ್ತಲ್ಲ, ಒಂದು ದಿನವಾದರೂ ಯಾಕೆ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬಾರದು ಎಂದೇ ಕೇಳಿಕೊಳ್ಳಲಿಲ್ಲವೇನೋ. ಡಾಕ್ಟರಮ್ಮ ಒಂದು ಕಾಳನ್ನು ಎತ್ತಿ ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು ಒತ್ತಿದಳು. ಸ್ಪಂಜಾಗಿದ್ದರೆ ಒತ್ತು ತೆಗೆದ ಕೂಡಲೆ ಮೇಲೆ ಏಳುತ್ತಿತ್ತು, ಅದು ಅವನಿಗೇ ಗೊತ್ತಿದ್ದ ವಿಷಯ. ಇದು ಏಳಲಿಲ್ಲ, ನುರಿದು ಚಪ್ಪಟೆಯಾಯಿತು. ಪ್ರತಿ ಸಲವೂ ಹೀಗೇ ಒರೆಸಿಕೊಂಡು ಹೋಗುತ್ತಿದ್ದಿರಾ ಎಂದು ಕೇಳಿದಳು. ಹೌದು ಎಂದ, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ. ಆಕೆ ಬಯ್ಯಲಿಲ್ಲ. ಪಾಪ, ಆ ಡಾಕ್ಟರಾದರೂ ಏನು ನೋಡಿಯಾರು, ರೋಗದ ಗುರುತನ್ನೇ ನೀವು ತೊಳೆದು ಚರಂಡಿಗೆ ಬಿಟ್ಟು ಹೋಗುತ್ತಿದ್ದರೆ, ಎಂದು ತನ್ನಷ್ಟಕ್ಕೆ ಎಂಬಂತೆ ಅಂದಳು.

ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ವಿವರಿಸಿದಳು. ಆ ಕಾಳು ಎಂದರೆ ಸೂಕ್ಷ್ಮಜೀವಿಗಳು ಎಳೆ ಎಳೆಯಾಗಿ ಹೆಣೆದುಕೊಂಡು ಕಟ್ಟಿದ ಉಂಡೆ. ಅವು ಎಲ್ಲರ ಬಾಯಲ್ಲೂ ಇರುತ್ತವೆ, ನಿಮ್ಮ ಬಾಯಲ್ಲೂ, ನನ್ನ ಬಾಯಲ್ಲೂ, ಸುಮ್ಮನೆ ಇರುತ್ತವೆ. ಒಡೆದ ಹಲ್ಲೋ ಗಾಯವೋ ದಾರಿ ಕೊಟ್ಟರೆ ಗಾಳಿಯಾಡದ ಆಳಕ್ಕೆ ಇಳಿದು, ಅವಸರವಿಲ್ಲದೆ ತಿಂಗಳುಗಟ್ಟಲೆ ಬೆಳೆಯುತ್ತವೆ, ಗಟ್ಟಿ ಗಂಟಾಗುತ್ತವೆ, ಚರ್ಮ ತೂತು ಮಾಡಿ ಹೊರಗೆ ಬರುತ್ತವೆ. ನೋಡಿದವರು ಕ್ಯಾನ್ಸರ್ ಅಂದುಕೊಳ್ಳುತ್ತಾರೆ, ಕ್ಷಯ ಅಂದುಕೊಳ್ಳುತ್ತಾರೆ. ಒಂದು ಹೆಸರೂ ಹೇಳಿದಳು, ಉದ್ದದ್ದು, ನಾಲಿಗೆಗೆ ನಿಲ್ಲದ್ದು. ಕಾಳು ನೋಡಿದರೆ ಅದೇ ಅನ್ನಿಸುತ್ತದೆ, ಆದರೂ ಗಂಟಿನ ಒಂದು ಚೂರು ತೆಗೆದು ನೋಡದೆ ಮಾತು ಕೊಡುವುದಿಲ್ಲ ಎಂದಳು. ಕ್ಯಾಪ್ಸೂಲು ಅರ್ಧಕ್ಕೆ ಬಿಟ್ಟದ್ದನ್ನು ಕೇಳಿ ತಲೆ ಅಲ್ಲಾಡಿಸಿ, ಪೂರ್ತಿ ನುಂಗಿದ್ದರೂ ಅಷ್ಟು ದಿನದ ಔಷಧಿ ಇದಕ್ಕೆ ಏನೇನೂ ಸಾಲದು, ಅದು ಆಳಕ್ಕೆ ಮುಟ್ಟುವುದಿಲ್ಲ, ಮೇಲಿನ ಬಾಗಿಲು ಮುಚ್ಚಿಸುತ್ತದೆ ಅಷ್ಟೇ ಅಂದಳು. ಅವನು ಎಲ್ಲವನ್ನೂ ಕೇಳಿದ. ಕೇಳಬೇಕಾದದ್ದು ಬೇರೆ ಇತ್ತು. ಕೊನೆಗೆ ಅದನ್ನೇ ಕೇಳಿದ.

"ಪಕ್ಕದಲ್ಲಿ ಕೂತೋರಿಗೆ ಬರತ್ತಾ ಇದು?"

"ಇಲ್ಲ. ಒಬ್ಬರಿಂದ ಒಬ್ಬರಿಗೆ ಬರಲ್ಲ."

"ಒಂದೇ ಲೋಟದಲ್ಲಿ ಕುಡಿದ್ರೆ?"

"ಬರಲ್ಲ. ಯಾಕೆ, ಯಾರಾದರೂ ಏನಾದರೂ ಅಂದ್ರಾ?"

ಯಾರೂ ಅಂದಿಲ್ಲ, ಎಂದ. ಅದು ನಿಜವೇ ಆಗಿತ್ತು.

ಚೂರು ತೆಗೆದರು, ನೋಡಿದರು, ಆಕೆ ಅಂದದ್ದೇ ಆಯಿತು. ಒಡೆದ ಹಲ್ಲನ್ನು ಕಿತ್ತರು. ಪೆನಿಸಿಲಿನ್ ಮೈಗೆ ಒಗ್ಗುತ್ತದೆಯೇ ಎಂದು ಕೇಳಿ, ಪರೀಕ್ಷಿಸಿ, ವಾರ್ಡಿನಲ್ಲಿ ಹಾಸಿಗೆ ಕೊಟ್ಟು, ಕೈಯ ನರಕ್ಕೆ ಕೊಳವೆ ಹಾಕಿ ಔಷಧಿ ಬಿಡಲು ಶುರು ಮಾಡಿದರು. ವಾರಗಟ್ಟಲೆ ಹೀಗೆ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ನಿಧಾನವಾಗಿ ಬಂದದ್ದನ್ನು ನಿಧಾನವಾಗಿಯೇ ಕಳಿಸಬೇಕು ಎಂದಳು ಡಾಕ್ಟರಮ್ಮ. ಮಂಚದ ಮೇಲೆ ಮಲಗಿ ತೊಟ್ಟು ತೊಟ್ಟಾಗಿ ಇಳಿಯುವ ನೀರನ್ನು ನೋಡುತ್ತಾ ಅವನು ಒಂದು ವಾಕ್ಯವನ್ನು ನಾಲಿಗೆಯ ಮೇಲೆ ಮೊಳೆಯ ಹಾಗೆ ತಿರುಗಿಸಿ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದ. ಇದು ಅಂಟಲ್ಲವಂತೆ. ಇಷ್ಟೇ. ಮೆಟ್ಟಿಲ ಕೆಳಗೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳಿದ ಮೇಲೆ ತಂಗಿಯ ಮುಖ ಹೇಗಾಗುತ್ತದೆ ಎಂದು ನೋಡಬೇಕು. ನಾಚಿಕೆಯಾಗಬೇಕು ಅವಳಿಗೆ. ಹೀಗೆ ಯೋಚಿಸುವಾಗ ಸುಖವಾಗುತ್ತಿತ್ತು. ಸುಖವಾದದ್ದಕ್ಕೆ ಆಮೇಲೆ ತನಗೇ ಅಸಹ್ಯವಾಗುತ್ತಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಜ್ವರ ಬಂದಾಗ ತಾಯಿ ದೂರ ಮಲಗು ಎಂದರೂ ಕೇಳದೆ ಅವಳ ಕಂಬಳಿಯೊಳಗೇ ತೂರಿಕೊಂಡಿದ್ದ ಅವನು, ಎಂಟೋ ಒಂಬತ್ತೋ ವಯಸ್ಸು. ಅವಳ ಮೈ ಒಲೆಯ ಹಾಗೆ ಸುಡುತ್ತಿತ್ತು. ಅಣ್ಣಾ ನಿಂಗೂ ಬರತ್ತೆ ಎಂದಿದ್ದಳು. ಬರ್ಲಿ ಬಿಡೆ ಎಂದಿದ್ದ. ಈಗ ಅವಳು ಒಂದು ದಿನ ಬಿಟ್ಟು ಒಂದು ದಿನ ಬರುತ್ತಿದ್ದಳು, ಊಟದ ಡಬ್ಬಿ ತಂದು ಮೇಜಿನ ಮೇಲಿಟ್ಟು, ನಿಂತುಕೊಂಡೇ ವಿಚಾರಿಸಿ ಹೋಗುತ್ತಿದ್ದಳು.

ಅವನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು. ಮೊಗಸಾಲೆಯಲ್ಲಿ ಡಾಕ್ಟರಮ್ಮ ಸಿಕ್ಕಿ ಎಲ್ಲ ಹೇಳಿದ್ದಳು. ಆ ದಿನ ತಂಗಿ ಬಂದವಳು ಸ್ಟೂಲು ಎಳೆದುಕೊಂಡು ಕೂತಳು. ಬಹಳ ಹೊತ್ತು ಅವನ ಕಾಲಿನ ಮೇಲಿದ್ದ ಹೊದಿಕೆಯ ಒಂದು ನೂಲನ್ನು ಎಳೆಯುತ್ತಾ ಇದ್ದಳು.

"ಅಂಟಲ್ಲವಂತೆ" ಅಂದಳು.

ಅವನು ಅಷ್ಟು ದಿನದಿಂದ ಸರಿಮಾಡಿಕೊಂಡಿದ್ದ ಮಾತು ಅವಳ ಬಾಯಿಂದ ಬಂದುಬಿಟ್ಟಿತ್ತು. "ಹೌದಂತೆ" ಎಂದ.

"ಅಂಟತ್ತೆ ಅಂತ ನಾನೇನೂ ಅಂದಿರಲಿಲ್ಲ. ಲೋಟ ಬೇರೆ ಮಾಡಿದ್ದು ನೀನು. ಮೇಲೇ ತಿಂತೀನಿ ಅಂದಿದ್ದೂ ನೀನೇ."

"ಹೌದು."

"ನಮ್ಮ ಜೊತೆ ಇರೋದೇ ಬೇಡ ಅನ್ನಿಸಿದೆ ನಿಂಗೆ ಅಂದ್ಕೊಂಡೆ."

"ಹಾಗಂದ್ಕೊಂಡ್ಯಾ?"

ಅವಳು ನೂಲನ್ನು ಎಳೆದು ಕಿತ್ತಳು. ಪಕ್ಕದ ಮಂಚದವನು ಕೆಮ್ಮಿ ಮಗ್ಗುಲಾದ. "ಇಲ್ಲ" ಎಂದಳು ಆಮೇಲೆ, ತಗ್ಗಿದ ದನಿಯಲ್ಲಿ. "ಹೆದರಿದ್ದೆ ಅಣ್ಣ. ಮನೇಲಿ ಎಲ್ಲರಿಗೂ ಬಂದ್ಬಿಟ್ರೆ ಅಂತ. ಹೇಗೆ ಹೇಳೋದು ನಿಂಗೆ ಅಂತ ಸಂಕಟ ಪಡ್ತಿರುವಾಗ ನೀನೇ ಬಂದು ಲೋಟ ಎತ್ಕೊಂಡೆ. ಸಮಾಧಾನ ಆಗೋಯ್ತು ನಂಗೆ. ಆ ಸಮಾಧಾನಕ್ಕೆ ನಾಚಿಕೆ ಆಗಿ ನಿನ್ನ ಮುಖ ನೋಡೋದೇ ಬಿಟ್ಬಿಟ್ಟೆ."

ಇದು ಅವನು ಕಾಯುತ್ತಿದ್ದ ನಾಚಿಕೆಯೇ. ಬಂದಾಗ ಅದರಲ್ಲಿ ಅವನಿಗೆ ಬೇಕಾದದ್ದು ಏನೂ ಇರಲಿಲ್ಲ. ಪರವಾಗಿಲ್ಲ ಬಿಡು ಎಂದು ಹೇಳಬೇಕಿತ್ತು, ಹೇಳಿದರೆ ಸುಳ್ಳಾಗುತ್ತಿತ್ತು. ತೊಟ್ಟಿಕ್ಕುವ ಔಷಧಿಯ ಕಡೆ ಮುಖ ತಿರುಗಿಸಿದ. ಅವಳು ಅತ್ತಳೋ ಇಲ್ಲವೋ ನೋಡಲಿಲ್ಲ. ಹೊರಡುವಾಗ ಡಬ್ಬಿ ಮರೆತು ಹೋದಳು, ತಿರುಗಿ ಬಂದು ತೆಗೆದುಕೊಂಡು ಹೋದಳು.

ಮನೆಗೆ ಬಂದ ಮೇಲೆ ಎಲ್ಲವೂ ಸರಿಹೋಯಿತು ಎಂದೇ ಹೇಳಬೇಕು. ಊಟಕ್ಕೆ ಕೂಗಿ ಕರೆದರು. ತಂಗಿಯ ಗಂಡ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಸರಿಸಿ, ಬನ್ನಿ ಭಾವ ಎಂದ, ಅಗತ್ಯಕ್ಕಿಂತ ಗಟ್ಟಿಯಾಗಿ. ಒಂದು ದಿನ ತಂಗಿ ಅವನ ತಟ್ಟೆಯಿಂದಲೇ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆಯಾಗಿದೆ ಅಲ್ಲವೇ ಎಂದಳು. ಉಪ್ಪು ಸರಿಯಾಗಿಯೇ ಇತ್ತು. ಅವಳು ಆ ತುತ್ತನ್ನು ನುಂಗುವಾಗ ಕೊರಳಿನ ನರ ಎದ್ದು ಇಳಿದದ್ದನ್ನು ಅವನು ನೋಡಿದ. ಹತ್ತಿರ ಬರಲು ಇವರು ಇಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು ಮರುಕವಾಗಿ, ಒಂದೊಂದು ದಿನ ಮೇಲಿನ ಕೋಣೆಯೇ ವಾಸಿ ಅನ್ನಿಸುತ್ತಿತ್ತು. ಕಾರ್ಖಾನೆಗೆ ಮತ್ತೆ ಹೋಗತೊಡಗಿದ, ಆದರೆ ಬಾಯಿಗೆ ಇನ್ನು ಮೊಳೆ ಹಾಕುವಂತಿಲ್ಲ. ಮೊಳೆಯ ಬಟ್ಟಲನ್ನು ಮೊಣಕಾಲ ಬಳಿ ಇಟ್ಟುಕೊಂಡು ಒಂದೊಂದನ್ನೇ ಹೆಕ್ಕಿ ಹೊಡೆಯುವಾಗ ಕೈ ಕುಂಟುತ್ತಿತ್ತು. ಮೊಳೆಬಾಯಿ ಈಗ ಬರೀ ಬಾಯಿ ಆದ ಎಂದು ಬಡಗಿ ನಗಿಸಿದ, ಮಾತಾಡಪ್ಪ ಇನ್ನಾದರೂ ಎಂದ. ಬಾಯಿ ಖಾಲಿಯಿತ್ತು. ಆಡಲು ಏನೂ ಇರಲಿಲ್ಲ.

ತೂತುಗಳು ಮುಚ್ಚಿದವು, ನೇರಳೆ ಬಣ್ಣ ಇಳಿಯಿತು, ಗಂಟು ಕರಗುತ್ತಾ ಕರಗುತ್ತಾ ಹುಣಸೆಬೀಜದಷ್ಟಾಯಿತು, ಆಮೇಲೆ ಅದೂ ಸಿಗದಾಯಿತು. ಮಾತ್ರೆ ಮಾತ್ರ ಮುಗಿಯಲಿಲ್ಲ. ಹೊರಗೆ ಏನೂ ಇಲ್ಲದವನು ದಿನಾ ಮಾತ್ರೆ ನುಂಗುವುದು ಸುಳ್ಳು ಹೇಳಿದ ಹಾಗೆ ಅನ್ನಿಸುತ್ತಿತ್ತು. ಅರ್ಧಕ್ಕೆ ಬಿಟ್ಟ ಕ್ಯಾಪ್ಸೂಲುಗಳ ಡಬ್ಬಿಯ ನೆನಪೂ ಆಗುತ್ತಿತ್ತು. ಈ ಸಲ ನೀವು ನಿಲ್ಲಿಸುವ ಹಾಗಿಲ್ಲ, ನಾನು ಹೇಳಿದಾಗ ನಿಲ್ಲಿಸುವುದು, ಎಂದು ಡಾಕ್ಟರಮ್ಮ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಜೊತೆಗೆ ಬಂದಿದ್ದ ತಂಗಿಗೂ ಒಂದು ಕೆಲಸ ಹೇಳಿದ್ದಳು. ಇವರ ಬೆರಳಿಗೆ ಇವರ ದವಡೆ ಅಭ್ಯಾಸವಾಗಿಬಿಟ್ಟಿದೆ, ಸಣ್ಣ ಗಂಟು ಮರುಕಳಿಸಿದರೆ ಇವರಿಗೆ ತಿಳಿಯುವುದಿಲ್ಲ, ವಾರಕ್ಕೊಮ್ಮೆ ನೀವು ಮುಟ್ಟಿ ನೋಡಿ, ಹೀಗೆ, ಎಂದು ತಂಗಿಯ ಕೈ ಹಿಡಿದು ಅವನ ದವಡೆಯ ಮೇಲಿಟ್ಟು ತೋರಿಸಿಕೊಟ್ಟಿದ್ದಳು. ತಂಗಿಯ ಬೆರಳು ಆಗ ಹಲಗೆಯ ಹಾಗೆ ಸೆಟೆದಿತ್ತು.

ಮೊದಮೊದಲು ಅವಳು ಅದನ್ನು ಔಷಧಿಯ ಹಾಗೆ ಬೇಗ ಮುಗಿಸುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಉಸಿರು ಬಿಗಿಹಿಡಿದು, ಎರಡು ಕಡೆ ಒತ್ತಿ, ಏನೂ ಇಲ್ಲ ಎಂದು ಹೋಗಿಬಿಡುತ್ತಿದ್ದಳು. ವಾರಗಳು ಕಳೆದಂತೆ ಉಸಿರು ಸಡಿಲವಾಯಿತು. ಈಗ ಒತ್ತುತ್ತಾ ಮನೆಯ ಮಾತು ಆಡುತ್ತಾಳೆ, ಗಂಡನ ಮೇಲಿನ ಚಾಡಿ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ರೀತಿ. ಆ ಭಾನುವಾರ ಮಧ್ಯಾಹ್ನ ಅವನು ಮೆಟ್ಟಿಲ ಮೇಲೆ ಕೂತಿದ್ದ, ಅವಳು ಒಂದು ಮೆಟ್ಟಿಲು ಮೇಲೆ, ಅವನ ಹಿಂದೆ. ಬೆರಳುಗಳು ಗಲ್ಲದಿಂದ ಹೊರಟು ಕಿವಿಯ ಕೆಳಗೆ ಬಂದು ನಿಂತವು. ಅವು ಒರಟಾಗಿದ್ದವು, ಪಾತ್ರೆ ತೊಳೆದ ತಣ್ಣೀರಿನ ತಂಪು ಇನ್ನೂ ಇತ್ತು. ಮುಂದಿನ ತಿಂಗಳು ಮಾತ್ರೆ ಮುಗಿಯುತ್ತದೆ ಎಂದು ಡಾಕ್ಟರಮ್ಮ ಅಂದಿದ್ದಾಳೆ. ಮಾತ್ರೆ ಮುಗಿದರೆ, ಇದೂ ಮುಗಿಯುತ್ತದೆ.

"ಏನೂ ಇಲ್ಲ ಅಣ್ಣ, ಪೂರ್ತಿ ಹೋಗಿದೆ" ಎಂದು ತಂಗಿ ಕೈ ತೆಗೆಯುವವಳಿದ್ದಳು.

ಅವನು ಕಣ್ಣು ತೆರೆಯಲಿಲ್ಲ.

"ಸ್ವಲ್ಪ ಕೆಳಗೆ" ಎಂದ. "ಅಲ್ಲಿ ಏನೋ ಇದ್ದ ಹಾಗಿದೆ. ಇನ್ನೊಂದ್ಸಲ ನೋಡು."